ಅರವತ್ತನಾಲ್ಕು ದೀಪಗಳ ಮನೆ

ಮಾರ್ಚ್ 3, ಸೋಮವಾರ

ದೊಡ್ಡಮ್ಮ ಬಂದಿಳಿದಳು. ಜೊತೆಗೆ ಒಂದು ಟ್ರಂಕು, ಒಂದು ಹೊಲಿಗೆ ಡಬ್ಬ, ಒಂದು ಮರದ ಸ್ಟೂಲು. ಸ್ಟೂಲು ಯಾಕೆ ಎಂದು ಕೇಳಿದ್ದಕ್ಕೆ, "ನಿಮ್ಮ ಮನೇಲಿ ಕೂತ್ಕೊಳ್ಳೋದು ಯಾವುದು, ಬರೀ ನೋಡೋಕೆ ಇಟ್ಟಿರೋದು ಯಾವುದು ಅಂತ ನಂಗೆ ಗೊತ್ತಾಗಲ್ಲ ಕಣೋ" ಎಂದಳು. ಬಾಗಿಲಲ್ಲೇ ಇಷ್ಟು. ಇನ್ನು ಎರಡು ತಿಂಗಳು ಇರುತ್ತಾಳೆ.

ಅವಳು ಲಾಂಡ್ರಿಯೊಂದರ ಮೂಲೆಯಲ್ಲಿ ಕೂತು ರಫು ಮಾಡುವವಳು. ಬಟ್ಟೆಯ ಒಳ ಅಂಚಿನಿಂದ ದಾರ ಎಳೆದು, ಅದೇ ದಾರದಲ್ಲಿ ಹರಿದ ಜಾಗವನ್ನು ನೇಯ್ದ ಹಾಗೆ ಮುಚ್ಚುತ್ತಾಳೆ. ಮುಚ್ಚಿದ ಮೇಲೆ ಹರಿದದ್ದು ಎಲ್ಲಿ ಎಂದು ಬಟ್ಟೆಯ ಯಜಮಾನನಿಗೇ ತಿಳಿಯುವುದಿಲ್ಲ. ಆ ಲಾಂಡ್ರಿಯೂ ಅದರ ಹಿಂದಿನ ಅವಳ ಒಂಟಿ ಕೋಣೆಯೂ ಇರುವ ಕಟ್ಟಡಕ್ಕೆ ಹೊಸ ಸೂರು ಹಾಕುತ್ತಿದ್ದಾರೆ. ಅಪ್ಪನಿಗೆ ವರ್ಷಕ್ಕೊಂದು ಊರಿಗೆ ವರ್ಗವಾಗುತ್ತಿದ್ದ ಕಾಲದಲ್ಲಿ ನಾನು ಆರು ವರ್ಷ ಅದೇ ಕೋಣೆಯಲ್ಲಿ, ತುದಿ ಕಪ್ಪಾದ ಒಂದು ಟ್ಯೂಬ್‌ಲೈಟಿನ ಕೆಳಗೆ ಓದಿದವನು. ನನಗೆ ಟ್ಯೂಬ್‌ಲೈಟ್ ಕಂಡರಾಗದು ಎನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮನೆ ತೋರಿಸಿದೆ. ಈ ಮನೆಯ ಫೋಟೋ ಎರಡು ಪತ್ರಿಕೆಗಳಲ್ಲಿ ಬಂದಿದೆ. ಅರವತ್ತನಾಲ್ಕು ದೀಪಗಳಿವೆ, ಒಂದೂ ಕಣ್ಣಿಗೆ ಬೀಳುವುದಿಲ್ಲ. ಕೆಲವು ಸೀಲಿಂಗಿನ ಅಂಚಿನಲ್ಲಿ ಅಡಗಿವೆ, ಕೆಲವು ಕಪಾಟಿನ ಹಿಂದೆ, ಕೆಲವು ಗೋಡೆಯೊಳಗೆ. ದೀಪ ಕಾಣಬಾರದು, ಬೆಳಕಷ್ಟೇ ಕಾಣಬೇಕು. ಒಳಾಂಗಣ, ದೀಪಗಳ ವಿನ್ಯಾಸ ಮಾಡಿಕೊಡುತ್ತ ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ನಾನು ಹೇಳುತ್ತ ಬಂದಿರುವ ಮಾತು ಇದು. ದೊಡ್ಡಮ್ಮ ಹಾಲಿನ ನಡುವೆ ನಿಂತು ಸುತ್ತಲೂ ಕತ್ತು ತಿರುಗಿಸಿದಳು.

"ಚೆನ್ನಾಗಿರೋ ಹಾಗಿದೆ. ದೀಪ ಹಾಕು, ನೋಡ್ತೀನಿ."

"ಹಾಕಿದೀನಿ ದೊಡ್ಡಮ್ಮ."

"ಓ" ಎಂದಳು.

ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದಳು. ತೊಳೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನಗು ಕೇಳಿಸಬಾರದೆಂದು ಬಿಟ್ಟ ನೀರು ಅದು.

ಇದನ್ನು ಹಾಲಿನ ನನ್ನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿವೆ. ಪೆನ್ನು ಸರಿಯಿಲ್ಲ.

ಮಾರ್ಚ್ 5, ಬುಧವಾರ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋಗಿದ್ದೆ. ಕುರ್ಚಿಯ ನೆತ್ತಿಗೆ ಸರಿಯಾಗಿ ಸೀಲಿಂಗಿನಲ್ಲಿ ನಕ್ಷತ್ರಗಳು ಬೇಕಂತೆ. ಬಾಯಿ ತೆರೆದು ಮಲಗಿದವನಿಗೆ ತಾನು ಆಕಾಶ ನೋಡುತ್ತಿದ್ದೇನೆ ಅನ್ನಿಸಬೇಕಂತೆ. ನೂರಿಪ್ಪತ್ತು ನಕ್ಷತ್ರ ಎಂದು ಬರೆದುಕೊಂಡೆ. ಹೊರಡುವಾಗ ಮತ್ತೆ ಕರೆದು, ಆಗಾಗ ಒಂದು ನಕ್ಷತ್ರ ಉದುರುವ ಹಾಗೆ ಮಾಡಲು ಆಗುತ್ತದೆಯೇ ಎಂದರು. ಆ ಕೋಣೆಯಲ್ಲಿ ಹಲ್ಲು ಉದುರುವುದು ಸಾಲದೇ ಎನ್ನಬೇಕೆಂದಿದ್ದೆ. ನಾಲಿಗೆ ಕಚ್ಚಿಕೊಂಡು, ನೋಡೋಣ ಎಂದು ಬಂದೆ. ನಲವತ್ತೊಂಬತ್ತನೇ ವಯಸ್ಸಿಗೆ ನನ್ನ ಕಲೆ ಬಂದು ನಿಂತಿರುವುದು ಇಲ್ಲಿ.

ಮನೆಗೆ ಬಂದರೆ ದೊಡ್ಡಮ್ಮ ಸೂಜಿ ದಾರ ಹಿಡಿದು ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದಾಳೆ. ಒಪ್ಪಿಕೊಂಡ ಬಟ್ಟೆಗಳನ್ನು ಟ್ರಂಕಿನಲ್ಲಿ ತಂದಿದ್ದಾಳೆ, ಎರಡು ತಿಂಗಳು ಕೈಕಟ್ಟಿ ಕೂರುವ ಹೆಂಗಸಲ್ಲ ಅವಳು. ರಿಮೋಟ್ ಕೊಟ್ಟು ವಿವರಿಸಿದೆ. ಹನ್ನೊಂದು ಬಗೆಯ ಬೆಳಕಿದೆ, ಒಂದೊಂದಕ್ಕೂ ಹೆಸರಿದೆ: ಸಂಜೆ, ಅತಿಥಿ, ಆಪ್ತ, ಧ್ಯಾನ, ಸಿನಿಮಾ, ಹೀಗೆ. ಅವಳು ಪ್ರತಿಯೊಂದನ್ನೂ ಒತ್ತಿ ನೋಡಿದಳು. 'ಧ್ಯಾನ' ಹತ್ತಿದಾಗ ಮೊಣಕಾಲು ಮೇಜಿಗೆ ಬಡಿಯಿತು.

"ಇದರಲ್ಲಿ ಸೂಜಿ ಪೋಣಿಸೋದಕ್ಕೆ ಯಾವುದು?"

"ನಾನೂ ಮೂರು ವರ್ಷದಿಂದ ಹುಡುಕ್ತಾ ಇದೀನಿ ದೊಡ್ಡಮ್ಮ," ಎಂದಳು ನನ್ನ ಹೆಂಡತಿ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಮಾತಾಡುವಾಗಲೂ ಉತ್ತರಕ್ಕೆ ಅಡಿಗೆರೆ ಎಳೆಯುತ್ತಾಳೆ. "ಹನ್ನೊಂದು ಮಾಡಿದಾರೆ. 'ಕಾಣೋದು' ಅಂತ ಒಂದು ಮಾಡಿಲ್ಲ."

ಕೊನೆಗೆ ದೊಡ್ಡಮ್ಮ ಫ್ರಿಜ್ ಬಾಗಿಲು ತೆಗೆದು ಅದರ ಬೆಳಕಿನಲ್ಲಿ ಸೂಜಿ ಪೋಣಿಸಿದಳು. ಬಾಗಿಲು ಹಾಕು ಎಂದು ಫ್ರಿಜ್ ಕೂಗುತ್ತಲೇ ಇತ್ತು. "ಇರಪ್ಪ, ಆಯ್ತು" ಎಂದು ಅವಳು ಅದಕ್ಕೆ ಸಮಾಧಾನ ಹೇಳುತ್ತಿದ್ದಳು.

ಮಾರ್ಚ್ 9, ಭಾನುವಾರ

ದೊಡ್ಡ ಸುದ್ದಿ. ಒಬ್ಬ ಹೋಟೆಲು ಧಣಿ ತಾವೇ ಫೋನ್ ಮಾಡಿದ್ದರು. ಊರಾಚೆ ಗುಡ್ಡದ ಮೇಲೆ ಎಂಬತ್ತು ಕೋಣೆಗಳ ಹೋಟೆಲು ಕಟ್ಟಿಸುತ್ತಿದ್ದಾರೆ. ನಿವೃತ್ತರಾದವರು ಬಂದು, ಮಂಡಿ ಸೊಂಟಗಳಿಗೆ ಆರೈಕೆ ಮಾಡಿಸಿಕೊಂಡು, ವಾರಗಟ್ಟಲೆ ಇದ್ದು ಹೋಗುವ ಜಾಗವಂತೆ. ಒಳಾಂಗಣ, ದೀಪ, ಎರಡೂ ಒಬ್ಬನ ಕೈಗೇ ಕೊಡುತ್ತಾರಂತೆ. ಪತ್ರಿಕೆಯಲ್ಲಿ ನನ್ನ ಮನೆ ನೋಡಿದ್ದಾರೆ. ಇಪ್ಪತ್ತೆರಡರ ಸಂಜೆ ಚಹಾಕ್ಕೆ ಬಂದು ಕಣ್ಣಾರೆ ನೋಡಿ ತೀರ್ಮಾನ ಹೇಳುತ್ತಾರಂತೆ. "ನನಗೆ ಬೇಕಾಗಿರೋದು ಫೀಲ್" ಎಂದರು. ಹತ್ತು ನಿಮಿಷದಲ್ಲಿ ಎಂಟು ಸಲ ಹೇಳಿದರು, ಎಣಿಸಿದೆ.

ನಗಬಹುದು, ನಗುತ್ತೇನೆ ಕೂಡ. ಆದರೆ ಈ ಕೆಲಸ ನನಗೆ ಬೇಕು. ಹಲ್ಲಿನ ಡಾಕ್ಟರ ನಕ್ಷತ್ರಗಳಲ್ಲೇ ಮುದುಕನಾಗುವುದಕ್ಕೆ ಮನಸ್ಸಿಲ್ಲ.

ಹೆಂಡತಿಗೆ ಹೇಳೋಣವೆಂದು ಮನೆಯೆಲ್ಲ ಹುಡುಕಿದೆ. ಇಬ್ಬರೂ ಸಿಕ್ಕಿದ್ದು ಸ್ಟೋರ್‌ರೂಮಿನಲ್ಲಿ. ಮನೆ ಕಟ್ಟುವಾಗ ವೈರ್‌ಮನ್ ತನ್ನ ಕೆಲಸಕ್ಕೆಂದು ಅಲ್ಲೊಂದು ಟ್ಯೂಬ್‌ಲೈಟ್ ಸಿಕ್ಕಿಸಿದ್ದ. ತೆಗೆಸುವುದು ಮರೆತೇ ಹೋಗಿತ್ತು. ಅದರ ಕೆಳಗೆ, ಡ್ರಮ್ಮು ಪೊರಕೆಗಳ ನಡುವೆ, ದೊಡ್ಡಮ್ಮ ತನ್ನ ಸ್ಟೂಲಿನಲ್ಲಿ ಕೂತು ಯಾರದೋ ಪ್ಯಾಂಟು ರಫು ಮಾಡುತ್ತಿದ್ದಾಳೆ. ನನ್ನ ಹೆಂಡತಿ ಹಳೆಯ ಪೇಪರಿನ ಕಟ್ಟಿನ ಮೇಲೆ ಕೂತು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದಾಳೆ. ಇಬ್ಬರ ಮುಖವೂ ಹಿಟ್ಟು ಬಳಿದ ಹಾಗೆ ಬೆಳ್ಳಗಿತ್ತು. ಯಾವ ಮನುಷ್ಯನೂ ಆ ಬೆಳಕಿನಲ್ಲಿ ಚೆನ್ನಾಗಿ ಕಾಣುವುದಿಲ್ಲ, ಅದನ್ನೇ ಅವರಿಗೆ ಹೇಳಿದೆ.

"ನಾವೇನು ಚೆನ್ನಾಗಿ ಕಾಣೋಕೆ ಕೂತಿಲ್ಲ ಕಣೋ, ನೋಡೋಕೆ ಕೂತಿರೋದು" ಎಂದು ದೊಡ್ಡಮ್ಮ ಹಲ್ಲಿನಿಂದ ದಾರ ಕಡಿದಳು.

ಮಾರ್ಚ್ 12, ಬುಧವಾರ

ದೊಡ್ಡಮ್ಮ ಮೆಟ್ಟಿಲಲ್ಲಿ ಎಡವಿದಳು. ಬೀಳಲಿಲ್ಲ, ಗೋಡೆ ಹಿಡಿದುಕೊಂಡಳು. ಉಳಿದ ಮನೆಗಿಂತ ಹಾಲು ಎರಡು ಮೆಟ್ಟಿಲು ಕೆಳಗಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಇದ್ದಿಲು ಬಣ್ಣದ ಕಾರ್ಪೆಟ್. ಮೆಟ್ಟಿಲು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗಬಾರದು, ನೆರಳೇ ಇಳಿದು ಬಂದ ಹಾಗಿರಬೇಕು. ಪತ್ರಿಕೆಯವರು ಈ ಜಾಗಕ್ಕೇ ಒಂದು ಇಡೀ ಪುಟ ಕೊಟ್ಟಿದ್ದರು.

ಎರಡೇ ಮೆಟ್ಟಿಲು, ಎಣಿಸಿಕೊಂಡು ಇಳಿ ಎಂದೆ.

"ಎಣಿಸ್ಕೊಂಡು ಇಳಿಯೋಕೆ ನಾನೇನು ಕಳ್ಳತನಕ್ಕೆ ಬಂದಿದೀನಾ?" ಎಂದಳು.

ಮಾರ್ಚ್ 15, ಶನಿವಾರ

ಇವತ್ತು ಬೆಳಿಗ್ಗೆ ಎದ್ದು ಬಂದರೆ ಎರಡು ಮೆಟ್ಟಿಲುಗಳ ಅಂಚಿಗೂ ಬೆರಳಗಲದ ಬಿಳಿ ಪಟ್ಟಿ. ಹತ್ತಿಯ ಬಟ್ಟೆ ಮಡಿಸಿ, ಕಾರ್ಪೆಟ್ಟಿಗೇ ಹೊಲಿದು ಕೂರಿಸಿದ್ದಾಳೆ. ಬಗ್ಗಿ ನೋಡಿದೆ, ಒಂದು ಹೊಲಿಗೆಯಾದರೂ ಕಾಣಬೇಕಲ್ಲ. ಕಾರ್ಪೆಟ್ ಹುಟ್ಟುವಾಗಲೇ ಪಟ್ಟಿ ಸಮೇತ ಹುಟ್ಟಿತೇನೋ ಎಂಬಂತಿತ್ತು. ಇಡೀ ಹಾಲು ರಸ್ತೆಯ ಹಾಗೆ ಕಾಣುತ್ತಿದೆ. ಇನ್ನು ಒಬ್ಬ ಪೊಲೀಸನನ್ನು ನಿಲ್ಲಿಸಿದರೆ ಮುಗಿಯಿತು.

ಬೆಳಕು ಏರಿಸಿ ಇಳಿಸುವ ಡಿಮ್ಮರ್ ಸರಿಮಾಡಲು ಬಂದ ವೈರ್‌ಮನ್ ಅದನ್ನು ನೋಡಿ ಚಪ್ಪಲಿ ಕಳಚುತ್ತಲೇ, "ಒಳ್ಳೆ ಕೆಲಸ ಮಾಡಿದ್ರಿ ಸಾರ್. ಪ್ರತಿ ಸಲ ಇಲ್ಲಿ ಇಳಿಯೋವಾಗ ನನ್ನ ಎದೆ ಡವಗುಟ್ತಿತ್ತು" ಎಂದ. ಇಪ್ಪತ್ತು ವರ್ಷದಿಂದ ನನ್ನ ಜೊತೆ ಇದ್ದಾನೆ, ಇವತ್ತಿನವರೆಗೆ ಬಾಯಿ ಬಿಟ್ಟಿರಲಿಲ್ಲ. ನನ್ನದಲ್ಲ, ನಮ್ಮ ದೊಡ್ಡಮ್ಮನದು ಎಂದೆ. ಅವನು ಸ್ಟೋರ್‌ರೂಮಿಗೆ ಹೋಗಿ ಅವಳ ಜೊತೆ ಅರ್ಧ ಗಂಟೆ ಹರಟಿ, ಚಹಾ ಕುಡಿದು, ಟ್ಯೂಬಿನ ಸ್ಟಾರ್ಟರ್ ಬದಲಾಯಿಸಿ ಹೋದ.

ದೊಡ್ಡಮ್ಮನಿಗೆ ನಯವಾಗಿ ಹೇಳಿದೆ, ಇಪ್ಪತ್ತೆರಡಕ್ಕೆ ದೊಡ್ಡ ಮನುಷ್ಯರು ಬರುತ್ತಾರೆ ಎಂದು.

"ದೊಡ್ಡ ಮನುಷ್ಯರಿಗೂ ಕಾಲು ಎರಡೇ ಅಲ್ವಾ" ಎಂದಳು.

ಮಾರ್ಚ್ 20, ಗುರುವಾರ

ಹೆಂಡತಿಯ ಜೊತೆ ಹೊರಗೆ ಊಟಕ್ಕೆ ಹೋಗಿದ್ದೆ. ಈಗಿನ ಮೆನು ಕಾರ್ಡುಗಳನ್ನು ಇರುವೆಗಳಿಗಾಗಿ ಅಚ್ಚು ಹಾಕುತ್ತಾರೆ. ತೋಳು ಪೂರ್ತಿ ಚಾಚಿ ಹಿಡಿದರೂ ಅಕ್ಷರ ಕಲಸಿಕೊಳ್ಳುತ್ತದೆ. ಬಲ್ಬಿನ ಡಬ್ಬಗಳ ಮೇಲೂ ಇದೇ ಕತೆ, ಒಂದು ಕಂಪನಿಗೂ ನೆಟ್ಟಗೆ ಅಚ್ಚು ಹಾಕಿಸುವ ಯೋಗ್ಯತೆ ಇಲ್ಲ.

"ಕೈ ಇನ್ನೂ ಉದ್ದ ಬೆಳೀಬೇಕು ನಿಮಗೆ" ಎಂದಳು ನನ್ನ ಹೆಂಡತಿ. ಅವಳೇ ಓದಿ ಹೇಳಿದಳು.

ಮಾರ್ಚ್ 22, ಶನಿವಾರ, ನಾಲ್ಕು ಗಂಟೆ

ಎಲ್ಲ ಸಿದ್ಧವಾಗಿದೆ. ಒಂದೇ ಒಂದು ಬಾಕಿ ಇತ್ತು, ಅದೂ ಆಯಿತು. ದೊಡ್ಡಮ್ಮ ಸ್ನಾನಕ್ಕೆ ಹೋದಾಗ ಅವಳ ಡಬ್ಬದಿಂದ ಸಣ್ಣ ಕತ್ತರಿ ತೆಗೆದುಕೊಂಡು ಎರಡೂ ಪಟ್ಟಿ ಬಿಚ್ಚಿದೆ. ಬಿಚ್ಚುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಒಂದೊಂದು ಹೊಲಿಗೆಯೂ ಬೇರು ಬಿಟ್ಟಂತೆ ಕೂತಿತ್ತು. ಅಷ್ಟರಲ್ಲಿ ಹೆಂಡತಿ ಬಂದ ಸದ್ದಾಯಿತು, ಪಟ್ಟಿ ಕತ್ತರಿ ಎರಡನ್ನೂ ಕೋಟಿನ ಜೇಬಿಗೆ ತುರುಕಿದೆ.

ಒಂದು ಸಂಜೆಯ ಮಟ್ಟಿಗೆ ಅಷ್ಟೇ. ನಾಳೆ ಬೇಕಾದರೆ ಮತ್ತೆ ಹೊಲಿದುಕೊಳ್ಳಲಿ. ದೊಡ್ಡಮ್ಮನಿಗೆ ಸ್ಟೋರ್‌ರೂಮಿನಲ್ಲೇ ಇರು ಎಂದಿದ್ದೇನೆ. ಮೆಟ್ಟಿಲ ಕಡೆ ಅವಳು ಬರುವ ಪ್ರಮೇಯವೇ ಇಲ್ಲ.

ಮಾರ್ಚ್ 23, ಭಾನುವಾರ

ದೊಡ್ಡಮ್ಮ ಬಿದ್ದಳು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಆರು ವಾರ ಪ್ಲಾಸ್ಟರು.

ನಿನ್ನೆ ಸಂಜೆ ಧಣಿ ಸೋಫಾದಲ್ಲಿ ಕೂತು ಫೀಲಿನ ಬಗ್ಗೆ ಹೇಳುತ್ತಿದ್ದರು. 'ಆಪ್ತ' ಬೆಳಕಿತ್ತು. ಹೆಂಡತಿ ಚಹಾ ಸೋಸುತ್ತಿದ್ದಳು, ಹಣ್ಣು ಹೆಚ್ಚಿಟ್ಟಿದ್ದ ಗಾಜಿನ ಬಟ್ಟಲು ಹಾಗೇ ಉಳಿದಿತ್ತು, ನಾನೇ ಕೊಟ್ಟುಬರುತ್ತೇನೆ ಎಂದು ದೊಡ್ಡಮ್ಮ ಎತ್ತಿಕೊಂಡು ಬಂದಳಂತೆ. ನಮಗೆ ಗಾಜು ಒಡೆದ ಸದ್ದು ಕೇಳಿಸಿತು, ಅಷ್ಟೇ. ಅವಳು ಎಲ್ಲಿ ಬಿದ್ದಿದ್ದಾಳೆ ಎಂದು ಕಾಣಲಿಲ್ಲ. ಧಣಿ ಕಾಲು ಎರಡೂ ಮೇಲೆತ್ತಿಕೊಂಡು "ಏನೋ ಬಿತ್ತು" ಎಂದರು. ನಾನು ರಿಮೋಟ್ ಒತ್ತಿದೆ. 'ಸಂಜೆ' ಬಂತು. ಇನ್ನೊಂದು ಒತ್ತಿದೆ, ಗಾಬರಿಯಲ್ಲಿ 'ಸಿನಿಮಾ' ಬಂದು ಇದ್ದ ಬೆಳಕೂ ಹೋಯಿತು. ಕೊನೆಗೆ ಹೆಂಡತಿ ಓಡಿಬಂದು ಮೊಬೈಲಿನ ಟಾರ್ಚ್ ಹಾಕಿದಳು. ಅರವತ್ತನಾಲ್ಕು ದೀಪಗಳ ಮನೆಯಲ್ಲಿ ದೊಡ್ಡಮ್ಮ ಸಿಕ್ಕಿದ್ದು ಒಂದು ಮೊಬೈಲಿನ ಬೆಳಕಿಗೆ.

"ಬಟ್ಟಲು ಒಡೀತಾ?" ಎಂದು ಕೇಳಿದಳು. ಕೈ ಮೈಯ ಕೆಳಗೆ ಸಿಕ್ಕಿಕೊಂಡಿತ್ತು.

ಮಾರ್ಚ್ 26, ಬುಧವಾರ

ಧಣಿ ಒಪ್ಪಿದ್ದಾರೆ. ಎಂಬತ್ತು ಕೋಣೆಯೂ ನನಗೇ. "ಥೇಟ್ ನಿಮ್ಮ ಮನೆ ಥರಾನೇ ಬೇಕು, ಆ ಇಳಿಯೋ ಮೆಟ್ಟಿಲು ಸಮೇತ" ಎಂದರು. ಹೊರಗಿನವರ ಕಣ್ಣಿಗೆ ನಾನು ಇವತ್ತು ಕುಣಿದಾಡಬೇಕು. ಹೆಂಡತಿಗೆ ಹೇಳಿದೆ. "ಒಳ್ಳೇದು" ಎಂದಳು, ದೊಡ್ಡಮ್ಮನಿಗೆ ತುತ್ತು ಕಲಸಿ ಕೊಡುತ್ತ. ಎಡಗೈಯಲ್ಲಿ ತಿನ್ನಲು ಅವಳಿಗೆ ಬರುವುದಿಲ್ಲ.

ಆಮೇಲೆ ಹೆಂಡತಿ ಕೇಳಿದಳು: "ಮೆಟ್ಟಿಲಿಗೆ ಬಿಳಿ ಪಟ್ಟಿ ಇತ್ತಲ್ಲ, ಏನಾಯ್ತು ಅದು?"

ನಾನು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಇನ್ನೆಲ್ಲಿ ಬರೆಯಲಿ. "ಹೊಲಿಗೆ ಬಿಟ್ಟು ಕಿತ್ತು ಬಂದಿರಬೇಕು" ಎಂದೆ.

ದೊಡ್ಡಮ್ಮ ಅಲ್ಲೇ ಇದ್ದಳು. ಅರವತ್ತು ವರ್ಷದಿಂದ ಹೊಲಿಯುತ್ತಿದ್ದಾಳೆ. ಹೊಲಿಗೆ ಬಿಟ್ಟಿತು ಎಂದು ಯಾರೂ ಒಂದು ಬಟ್ಟೆ ವಾಪಸು ತಂದಿದ್ದು ನಾನು ನೋಡಿಲ್ಲ. ನನ್ನ ಮುಖವನ್ನೇ ನೋಡಿದಳು.

"ಇರಬಹುದು," ಎಂದಳು. "ವಯಸ್ಸಾಯ್ತು ನೋಡು."

ಊಟ ಮುಗಿದ ಮೇಲೆ, "ನನ್ನ ಸಣ್ಣ ಕತ್ತರಿ ಎಲ್ಲಾದ್ರೂ ನೋಡಿದ್ಯಾ?" ಎಂದು ಕೇಳಿದಳು. ಇಲ್ಲ ಎಂದೆ. ಕತ್ತರಿಯ ನೆನಪಾಗಿ ಹೋಗಿ ನೋಡಿದರೆ ಬೀರುವಿನಲ್ಲಿ ಕೋಟೇ ಇಲ್ಲ. ಲಾಂಡ್ರಿಗೆ ಹೋಗಿರಬೇಕು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು.

ಏಪ್ರಿಲ್ 2, ಬುಧವಾರ

ಹೋಟೆಲಿನ ನಕ್ಷೆ ಶುರು ಮಾಡಿದೆ. ಸ್ಟೋರ್‌ರೂಮಿನಲ್ಲಿ ಮೇಜು ಹಾಕಿಕೊಂಡಿದ್ದೇನೆ. ಬೇರೆ ಏನಿಲ್ಲ, ಇಲ್ಲಿ ಇಂಟರ್ನೆಟ್ ಚೆನ್ನಾಗಿ ಸಿಗುತ್ತದೆ. ದಿನಚರಿಯನ್ನೂ ಇಲ್ಲೇ ಬರೆಯುತ್ತಿದ್ದೇನೆ. ಹೊಸ ಪೆನ್ನು ಪರವಾಗಿಲ್ಲ, ಸಾಲು ನೆಟ್ಟಗೆ ಬರುತ್ತಿದೆ.

ದೊಡ್ಡಮ್ಮ ಎದುರಿಗೆ ಸ್ಟೂಲಿನಲ್ಲಿ ಕೂತಿರುತ್ತಾಳೆ, ಮಡಿಲಲ್ಲಿ ಪ್ಲಾಸ್ಟರಿನ ಕೈ. ಅರ್ಧ ರಫುವಾದ ಬಟ್ಟೆಗಳು ಟ್ರಂಕಿನ ಮೇಲೆ ಮಡಿಸಿದ ಹಾಗೇ ಇವೆ. ಮಾತಾಡುತ್ತಾಳೆ, ಆದರೆ ಚುಚ್ಚುವುದಿಲ್ಲ. ಚುಚ್ಚಿದ್ದರೆ ಎಷ್ಟೋ ವಾಸಿ.

"ಎಂಬತ್ತು ಕೋಣೆಗೂ ಮೆಟ್ಟಿಲಾ?"

"ಹೂಂ."

"ಎರಡೆರಡಾ?"

"ಹೂಂ ದೊಡ್ಡಮ್ಮ."

"ನೂರಾ ಅರವತ್ತು" ಎಂದಳು. ಅಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು.

ಒಂದನೇ ಕೋಣೆಯ ಮೆಟ್ಟಿಲನ್ನು ಬೆಳಿಗ್ಗೆಯಿಂದ ಒಂಬತ್ತು ಸಲ ಬರೆದು ಅಳಿಸಿದೆ. ಈ ರಬ್ಬರು ಚೆನ್ನಾಗಿಲ್ಲ.

ಏಪ್ರಿಲ್ 7, ಸೋಮವಾರ

ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮೂಳೆ ಕೂಡುತ್ತದಂತೆ. ಲೋಟ ಹಿಡಿಯಬಹುದು, ತಲೆ ಬಾಚಬಹುದು. ಸೂಜಿಯ ಕೆಲಸದ ಬಗ್ಗೆ ಈಗಲೇ ಏನೂ ಹೇಳಲಾಗುವುದಿಲ್ಲ ಎಂದರು. ಆ ಡಾಕ್ಟರ ಕೋಣೆಯ ಬೆಳಕು ಹೇಗಿತ್ತೆಂದು ನಾನು ಗಮನಿಸಲೇ ಇಲ್ಲ.

ಏಪ್ರಿಲ್ 11, ಶುಕ್ರವಾರ

ನಕ್ಷೆ ಕಳಿಸಿದೆ. ಮೆಟ್ಟಿಲಿನ ಪ್ರತಿ ಅಂಚಿಗೂ ಬಿಳಿ ಕಲ್ಲಿನ ಗೆರೆ, ಅದರ ಕೆಳಗೆ ಸಣ್ಣ ದೀಪ. ಹಾಸಿಗೆಯ ಪಕ್ಕ ಓದುವ ದೀಪ, ಕಣ್ಣಿಗೆ ಕಾಣುವಂಥದ್ದು, ಕೈಚಾಚಿದರೆ ಸ್ವಿಚ್ಚು ಸಿಗುವಂಥದ್ದು. ಸ್ನಾನದ ಮನೆಯಲ್ಲಿ ನೆಲ ಯಾವುದು ನೀರು ಯಾವುದು ಎಂದು ಗೊತ್ತಾಗುವಷ್ಟು ಬೆಳಕು. ರಿಮೋಟ್ ಇಲ್ಲ.

ಜೊತೆಗೆ ಎರಡು ಪುಟದ ಟಿಪ್ಪಣಿ ಬರೆದೆ: 'ಅಂಚಿನ ತತ್ತ್ವ: ನನ್ನ ವಿನ್ಯಾಸದ ಹೊಸ ಘಟ್ಟ.' ವರ್ಷಗಳ ಚಿಂತನೆಯ ಫಲ ಎಂದು ಸೇರಿಸಿದೆ. ಹೆಂಡತಿ ಓದಿ, "ಯಾರ ಚಿಂತನೆ?" ಎಂದು ಕೇಳಿ ಕೆಂಪು ಪೆನ್ನು ಎತ್ತಿಕೊಂಡಳು. ಕೈಯಿಂದ ಕಿತ್ತುಕೊಂಡು ಕಳಿಸಿಬಿಟ್ಟೆ.

ಏಪ್ರಿಲ್ 17, ಗುರುವಾರ

ಧಣಿ ಕರೆಸಿದ್ದರು. ನಕ್ಷೆಯ ಮೇಲೆ ಬೆರಳು ಕುಟ್ಟಿ, "ಇದೇನ್ರೀ ಇದು? ನಿಮ್ಮ ಮನೆ ಥರ ಕೇಳಿದ್ರೆ ಆಸ್ಪತ್ರೆ ಥರ ಮಾಡಿದೀರಿ. ಫೀಲೇ ಇಲ್ಲ" ಎಂದರು. ಗೆರೆ ತೆಗೆಯಿರಿ, ದೀಪ ಅಡಗಿಸಿ, ಮೆಟ್ಟಿಲು ಮೊದಲಿನ ಹಾಗೇ ಇರಲಿ.

"ಬರೋರಿಗೆಲ್ಲ ಅರವತ್ತು ದಾಟಿರುತ್ತೆ, ಮಂಡಿ ನೋವಿಗೆ ಅಂತಾನೇ ಬರ್ತಾರೆ" ಎಂದೆ.

"ಬಿದ್ರೆ ನೋಡ್ಕೊಳ್ಳೋಕೆ ನಮ್ಮಲ್ಲೇ ಡಾಕ್ಟರು ಇರ್ತಾರಲ್ಲ" ಎಂದರು. ತಮಾಷೆಗೆ ಹೇಳಿದ್ದಲ್ಲ. ಆಮೇಲೆ ನೆನಪು ಮಾಡಿಕೊಂಡು, "ಅವತ್ತು ಯಾರೋ ಬಿದ್ರಲ್ಲ ನಿಮ್ಮನೇಲಿ, ಕೆಲಸದವರಾ?" ಎಂದು ಕೇಳಿದರು.

"ನನ್ನನ್ನ ಸಾಕಿದವರು" ಎಂದೆ.

ಅಲ್ಲಿಂದ ಮುಂದೆ ಮಾತು ಉದ್ದ ಬೆಳೆಯಲಿಲ್ಲ. ಗೆರೆ ತೆಗೆಯುವುದಿಲ್ಲ ಎಂದೆ. ಬೇರೆಯವರು ತೆಗೆಯುತ್ತಾರೆ ಎಂದರು. ನಕ್ಷೆ ಸುತ್ತಿಕೊಂಡು ಬಂದೆ. ಆ ಮನುಷ್ಯನಿಗೆ ಅಭಿರುಚಿ ಇಲ್ಲ, ಅದು ಒಂದೇ ಕಾರಣ. ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ನಕ್ಷತ್ರ ಉದುರಿಸಿಕೊಡುತ್ತೇನೆ ಎಂದೆ.

ಏಪ್ರಿಲ್ 20, ಭಾನುವಾರ

ಹೆಂಡತಿ ಕೈಹಿಡಿದು ಎಳೆದುಕೊಂಡು ಹೋಗಿ ಕನ್ನಡಕ ಮಾಡಿಸಿದಳು. ಹಾಕಿಕೊಂಡು ಈ ದಿನಚರಿಯ ಹಿಂದಿನ ಪುಟಗಳನ್ನು ಓದಿದೆ. ಪೆನ್ನಿಗೆ ಬೈದಿರುವುದು ಅನ್ಯಾಯ. ಬೇರೆ ಕೆಲವು ಕಡೆ ಓದಲಾಗದೆ ಪುಟ ಮಗುಚಿದೆ. ಅಕ್ಷರ ಸ್ಪಷ್ಟವಾಗಿಯೇ ಇತ್ತು.

ಮೇ 3, ಶನಿವಾರ

ಪ್ಲಾಸ್ಟರು ಬಿಚ್ಚಿದರು. ಕೈ ಒಣಗಿ, ಬೇರೆ ಯಾರದೋ ಕೈಯ ಹಾಗೆ ಕಾಣುತ್ತದೆ. ಬೆರಳು ಮಡಿಸಲು ಆಗುತ್ತದೆ, ಹಿಡಿತವಿಲ್ಲ. ಸೂರಿನ ಕೆಲಸ ಮುಗಿದಿದೆ, ನಾಡಿದ್ದು ಸೋಮವಾರ ದೊಡ್ಡಮ್ಮ ಹೊರಡುತ್ತಾಳೆ. ಅಂಗಡಿಯಲ್ಲಿ ಕೂತು ಏನು ಮಾಡುತ್ತೀ ಎಂದು ಕೇಳಿದರೆ, "ಕೂತಿರ್ತೀನಿ. ಕೈಗೆ ಅಭ್ಯಾಸ ಆಗಲಿ" ಎನ್ನುತ್ತಾಳೆ.

ಮಧ್ಯಾಹ್ನ ಸ್ಟೋರ್‌ರೂಮಿಗೆ ಕರೆದಳು. ಮಡಿಲಲ್ಲಿ ನನ್ನ ಕೋಟು ಇತ್ತು. ಲಾಂಡ್ರಿಗೆ ಹೋಗಿರಲೇ ಇಲ್ಲ.

"ಅವತ್ತು ನಾನು ಬಿದ್ದ ಮಾರನೇ ದಿನ ನಿನ್ನ ಹೆಂಡತಿ ತಂದಿಟ್ಟಳು, ಜೇಬಿನ ಒಳಗಡೆ ತೂತಾಗಿದೆ, ಕೈ ವಾಸಿಯಾದ ಮೇಲೆ ನೋಡಿ ಅಂತ. ನೀನು ಏನೋ ಚೂಪಾದ್ದು ಇಟ್ಟಿದ್ದೆ ಅನ್ಸುತ್ತೆ. ನನ್ನ ಕೈಲಿ ಆಗಲ್ಲ, ನೀನೇ ಹೊಲಿಗೆ ಹಾಕು, ಹೇಳಿಕೊಡ್ತೀನಿ."

ಜೇಬಿಗೆ ಕೈ ಹಾಕಿದೆ. ಕತ್ತರಿ ಇತ್ತು. ಅದರ ಜೊತೆ ಎರಡು ಬಿಳಿ ಪಟ್ಟಿಗಳು, ಒಗೆದು, ಇಸ್ತ್ರಿ ಮಾಡಿ, ಸುರುಳಿ ಸುತ್ತಿ ಇಟ್ಟಿದ್ದವು. ಎಡಗೈಯಲ್ಲಿ ಮಾಡಿದ ಇಸ್ತ್ರಿ, ಒಂದು ಕಡೆ ಸ್ವಲ್ಪ ಸುಟ್ಟಿತ್ತು.

ಟ್ಯೂಬ್‌ಲೈಟು ನೆತ್ತಿಯ ಮೇಲೇ ಇತ್ತು. ಮುಖ ಮರೆಮಾಡಿಕೊಳ್ಳುವುದಕ್ಕೆ ಆ ಕೋಣೆಯಲ್ಲಿ ಒಂದಿಂಚು ನೆರಳಿಲ್ಲ.

"ನಾನೇ ಕತ್ತರಿಸಿದ್ದು ದೊಡ್ಡಮ್ಮ."

"ಗೊತ್ತು."

"ಹೊಲಿಗೆ ಬಿಟ್ಟಿತು ಅಂದೆ."

"ಕೇಳಿಸ್ಕೊಂಡೆ."

"ಮತ್ತೆ ಯಾಕೆ ಇರಬಹುದು ಅಂದೆ ನೀನು?"

"ನಿನ್ನ ಹೆಂಡತಿ ಎದುರಿಗಿದ್ದಳು." ದೊಡ್ಡಮ್ಮ ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ನೀವಿಕೊಂಡಳು. "ನೀನೇ ಬಂದು ಹೇಳ್ತೀಯ ಅಂತ ಕಾಯ್ತಾ ಇದ್ದೆ. ಮೂಳೆ ಕೂಡೋಕೆ ಆರು ವಾರ ಸಾಕಾಯ್ತು. ನಿಂಗೆ ಸಾಲಲಿಲ್ಲ."

ಅವಳು ಬಯ್ದಿದ್ದು ಇಷ್ಟೇ. ನನಗೆ ಅಳು ಬಂತು. ನಾನು ಅತ್ತೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವಳು ಮುಗಿಯುವವರೆಗೆ ಕಾದಳು. ಆಮೇಲೆ "ಜೇಬು ಆಮೇಲೆ ನೋಡೋಣ, ಕನ್ನಡಕ ಹಾಕ್ಕೋ" ಎಂದು ಹೊಲಿಗೆ ಡಬ್ಬ ಮುಂದಕ್ಕೆ ತಳ್ಳಿದಳು.

ಮೆಟ್ಟಿಲ ಹತ್ತಿರ ಹೋದೆವು. ಅವಳು ತನ್ನ ಸ್ಟೂಲಿನಲ್ಲಿ ಕೂತಳು, ನಾನು ಕೆಳಗೆ ಮಂಡಿಯೂರಿದೆ. ಹೆಂಡತಿ ಸ್ಟೋರ್‌ರೂಮಿನಿಂದ ಉದ್ದ ವೈರಿನಲ್ಲಿ ಒಂದು ಬಲ್ಬು ಎಳೆದು ತಂದು ಹಿಡಿದುಕೊಂಡಳು. ಯಾಕೆ, ಏನು ಎಂದು ಕೇಳಲಿಲ್ಲ. ಬೆತ್ತಲೆ ಬಲ್ಬು, ನೇರ ಕಣ್ಣಿಗೆ ಹೊಡೆಯುವಂಥದ್ದು. ಸೂಜಿ ಪೋಣಿಸುವುದಕ್ಕೇ ಐದು ನಿಮಿಷ ಹಿಡಿಯಿತು. ಕಾರ್ಪೆಟ್ಟಿನಲ್ಲಿ ಸೂಜಿ ಇಳಿಯುವುದಿಲ್ಲ, ಇಳಿದರೆ ಮೇಲೆ ಬರುವುದಿಲ್ಲ. ಬೆರಳಿಗೆ ನಾಲ್ಕು ಸಲ ಚುಚ್ಚಿಕೊಂಡೆ. ಇಂಥದ್ದನ್ನು ಆ ದಿನ ನಾವು ಏಳುವ ಮುಂಚೆ, ಎಪ್ಪತ್ತನಾಲ್ಕು ವರ್ಷದ ಹೆಂಗಸು ಒಬ್ಬಳೇ ಕೂತು ಮಾಡಿದ್ದಳು.

ಒಂದು ಪಟ್ಟಿ ಮುಗಿಯುವ ಹೊತ್ತಿಗೆ ಬೆನ್ನು ಹಿಡಿದುಕೊಂಡಿತು. ದೊಡ್ಡಮ್ಮ ಬಗ್ಗಿ ಎಡಗೈಯ ಹೆಬ್ಬೆರಳಿನಿಂದ ಅಂಚಿನುದ್ದಕ್ಕೂ ಸವರಿ ನೋಡಿದಳು.

"ಥೂ. ಒಂದೊಂದು ಹೊಲಿಗೇನೂ ಎದ್ದು ಕಾಣ್ತಾ ಇದೆ."

"ಬಿಚ್ಚಿ ಮತ್ತೆ ಹಾಕ್ಲಾ?"

"ಬೇಡ, ಬಿಡು," ಎಂದಳು. "ಕಾಣ್ಲಿ ಅಂತಾನೇ ಅಲ್ವಾ ಹಾಕಿರೋದು. ಇನ್ನೊಂದು ಮೆಟ್ಟಿಲಿದೆ, ದಾರ ಪೋಣಿಸು."